ಅಕ್ಷಿತಾಳ ಕ್ರಿಸ್ಟಲ್ ರೇಡಿಯೋ

"ಬ್ಯಾಟರಿ ಎಲ್ಲಿ ಅಡಗಿಸಿಟ್ಟಿದ್ದೀರಿ?"

ಕದ್ರಿ ಪಾರ್ಕಿನ ಹವ್ಯಾಸಿಗಳ ಮೇಳದಲ್ಲಿ ಆ ಅಪರಿಚಿತ ಯುವಕ ಹೀಗೆ ಕೇಳಿದಾಗ ಅಕ್ಷಿತಾಳಿಗೆ ಸಿಟ್ಟು ನೆತ್ತಿಗೇರಿತು. ತಾನು ಕೈಯಾರೆ ಮಾಡಿದ ರೇಡಿಯೋಗೆ ಇಂಥ ಅವಮಾನವೇ!

"ಬ್ಯಾಟರಿಯೂ ಇಲ್ಲ, ಕರೆಂಟೂ ಇಲ್ಲ. ಬೇಕಾದ್ರೆ ಕೇಳಿ!" ಎಂದು ಹೆಡ್‌ಫೋನನ್ನು ಅವನ ಕೈಗೆ ತುರುಕಿದಳು.

ಕಿವಿಗಿಟ್ಟೊಡನೆ ಅವನ ಕಣ್ಣುಗಳು ಅರಳಿದವು. ಎಲ್ಲೋ ದೂರದಲ್ಲಿ ಯಾರೋ ಮೆಲ್ಲಗೆ ಹಾಡುತ್ತಿದ್ದರು...

"ಇದು... ಹೇಗೆ ಮಾರಾಯ್ರೆ?"

"ಮರಕ್ಕೆ ಕಟ್ಟಿದ ತಂತಿ ರೇಡಿಯೋ ಅಲೆ ಹಿಡೀತದೆ. ಈ ಸುರುಳಿ ಸ್ಟೇಷನ್ ಆರಿಸ್ತದೆ. ಈ ಪುಟ್ಟ ಡಯೋಡ್ ದನಿಯನ್ನು ಬೇರೆ ಮಾಡ್ತದೆ. ಶಕ್ತಿ ಎಲ್ಲ ಆ ಅಲೆಯದ್ದೇ. ನೆಲಕ್ಕೊಂದು ಅರ್ತ್ ತಂತಿ ಇದ್ರೆ ಸಾಕು."

"ಅದ್ಭುತ!" ಎಂದ ಅವನು. ನೋಡುತ್ತಿದ್ದದ್ದು ಮಾತ್ರ ಅವಳನ್ನು.

ಅವನು ಯತಿನ್, ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುವವನು. ಆಮೇಲೆ ಭಾನುವಾರಗಳಂದು ಉರ್ವದ ಅವಳ ಮನೆಯ ತಾರಸಿಗೆ ಬರತೊಡಗಿದ. ಅಲ್ಲಿ ಅವಳು ಅರ್ತ್ ತಂತಿಯನ್ನು ನೆಲಕ್ಕಿಳಿಯುವ ಕಬ್ಬಿಣದ ನೀರಿನ ಪೈಪಿಗೆ ಕಟ್ಟಿದ್ದಳು. ಒಂದೇ ಹೆಡ್‌ಫೋನಿಗೆ ಇಬ್ಬರ ಕಿವಿ... ಅವಳಿಗೆ ಹಾಡಿಗಿಂತ ಅವನ ಉಸಿರೇ ಹೆಚ್ಚು ಕೇಳಿಸುತ್ತಿತ್ತು!

ಒಮ್ಮೆ ಅವನು ರೇಡಿಯೋವನ್ನು ಕೆಲವು ದಿನಗಳಿಗೆಂದು ತನ್ನ ಮನೆಗೆ ಒಯ್ದ. ಮರಳಿ ತಂದು ತಾರಸಿಯಲ್ಲಿ ಜೋಡಿಸಿದರೆ ಅದು ಮೂಕ!

"ಎಂತ ಮಾಡಿದ್ದು ನೀನು?"

"ಎಂತದೂ ಮುಟ್ಲಿಲ್ಲ ಅಕ್ಷಿ. ನಿನ್ನೆವರೆಗೆ ನಮ್ಮಲ್ಲಿ ಚಂದ ಹಾಡ್ತಿತ್ತು..."

"ಸುಳ್ಳು! ಇನ್ನು ಇಲ್ಲಿಗೆ ಬರ್ಬೇಡ."

ಅವನು ತಲೆತಗ್ಗಿಸಿ ಮೆಟ್ಟಿಲಿಳಿದ. ಅವಳ ಭಾನುವಾರಗಳೂ ಮೂಕವಾದವು.

ಒಂದು ಬೆಳಿಗ್ಗೆ ಅಮ್ಮ ವಾರಿಜಾಕ್ಷಿ ನಳ್ಳಿಯ ಕೆಳಗೆ ಬಂಗುಡೆ ಮೀನು ತೊಳೆಯುತ್ತಾ ಹೇಳಿದರು, "ಆ ಹುಡುಗ ನಿನ್ನ ರೇಡಿಯೋ ಒಯ್ದ ವಾರ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದು ಒಳ್ಳೇದಾಯ್ತು. ನೀರು ಎಷ್ಟು ಜೋರು ಉಂಟು ನೋಡು!"

ಅಕ್ಷಿತಾ ತಟ್ಟನೆ ತಿರುಗಿ ನೋಡಿದಳು. ಪ್ಲಾಸ್ಟಿಕ್?

ತಾರಸಿಗೆ ಓಡಿದಳು. ಅವಳ ಅರ್ತ್ ತಂತಿ ಕಟ್ಟಿದ್ದು ಅಲ್ಲಿಯೇ ಉಳಿದಿದ್ದ ಹಳೇ ಕಬ್ಬಿಣದ ಪೈಪಿನ ತುಂಡಿಗೆ. ಅದರಿಂದ ಕೆಳಗೆಲ್ಲ ಹೊಸ ಪ್ಲಾಸ್ಟಿಕ್ ಪೈಪು! ರೇಡಿಯೋಗೆ ನೆಲದ ನಂಟೇ ಕಡಿದುಹೋಗಿತ್ತು.

ಅಯ್ಯೋ... ಅವನನ್ನು ಸುಳ್ಳುಗಾರ ಅಂದೆನಲ್ಲ!

ಸಿಕ್ಕ ಬಸ್ಸು ಹತ್ತಿ ಬೈಕಂಪಾಡಿಗೆ ಧಾವಿಸಿದಳು. ಊಟದ ಬಿಡುವಿನಲ್ಲಿ ಯತಿನ್ ಒಬ್ಬನೇ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದ. ಸುರುಳಿ ಅಂಕುಡೊಂಕು.

"ನಿನ್ನದು ಹಾಳಾಯ್ತಲ್ಲ... ಹೊಸತು ಮಾಡಿ ಕೊಡುವ ಅಂತ," ಎಂದ, ಕಣ್ಣೆತ್ತದೆ.

ಅವಳ ಕಣ್ಣು ತುಂಬಿತು. "ಹಾಳಾಗಿಲ್ಲ ಯತಿನ್. ತಪ್ಪು ನನ್ನದೇ. ಅರ್ತ್ ತಂತಿ ಕಟ್ಟಿದ ಪೈಪು ಬದಲಾದದ್ದು ನೋಡ್ಲೇ ಇಲ್ಲ ನಾನು... ಕ್ಷಮಿಸ್ತೀಯಾ?"

ಅವನು ನಿಟ್ಟುಸಿರಿಟ್ಟು ನಕ್ಕ. "ಇನ್ನು ಹಾಡ್ತದಲ್ಲ, ಅಷ್ಟು ಸಾಕು."

"ಈ ಭಾನುವಾರ ಮನೆಗೆ ಬಾ. ಅಮ್ಮನ ಹತ್ರ ಮಾತಾಡ್ಲಿಕ್ಕೆ."

"ಎಂತ ಹೇಳ್ಲಿ?"

"ನಿಮ್ಮ ಮಗಳು ನನಗೆ ಇಷ್ಟ ಅಂತ."

ಅವನ ಕೈಯಿಂದ ತಂತಿ ಜಾರಿತು. "ಅದನ್ನು ಮೊದಲು ಮಗಳಿಗೆ ಹೇಳ್ಬೇಕಲ್ಲ..."

"ಹಾಗಾದ್ರೆ ಹೇಳು ಮಾರಾಯ!"

"ಇಷ್ಟ ಅಕ್ಷಿ... ತುಂಬಾ ಇಷ್ಟ."