ಹಿಂದಿನ ಸೀಟಿನ ಭಾರ

ಹೋದ ಡಿಸೆಂಬರಿನಲ್ಲಿ ಯಸಳೂರಿನ ಲೋಹಿತ್ ತನ್ನ ಸ್ಪೋರ್ಟ್ಸ್ ಕಾರನ್ನು ಕೆ. ಹೊಸಕೋಟೆಯ ನನ್ನ ಗ್ಯಾರೇಜಿಗೆ ತಂದ. ಸ್ಪ್ರಿಂಗ್ ಬದಲಿಸಿ ನೆಲಕ್ಕೆ ತಗ್ಗಿಸಿದ ಗಾಡಿ.

"ಏರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಹಿಂದಿನ ಚಕ್ರ ದಡದಡ ಕುಣಿತೈತೆ ಅಣ್ಣ. ಹಿಂದೆ ಯಾರಾದ್ರೂ ಕೂತ್ರೆ ಸುಮ್ನಾಗ್ತೈತೆ," ಅಂದ.

ಹಿಂದಿನ ಚಕ್ರ ಅಲುಗದಂತೆ ಹಿಡಿಯುವ ರಬ್ಬರ್ ಬುಷ್‌ಗಳು ಸವೆದಿದ್ದವು. ಹೊಸದು ಹಾಕಿ, ಮಧ್ಯಾಹ್ನ ಒಬ್ಬನೇ ಓಡಿಸಿ ನೋಡಲು ಹೊರಟೆ. ಏರಿನಲ್ಲಿ ಚಕ್ರ ಮೊದಲಿನಂತೆಯೇ ಕುಣಿಯಿತು. ಎಸ್ಟೇಟಿನ ಕೂಲಿಯವರ ಖಾಲಿ ಬಿದ್ದ ಲೈನ್ ಮನೆಗಳ ಎದುರು ನಿಲ್ಲಿಸಿ, ಇಳಿದು, ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ.

ಮತ್ತೆ ಹೊರಟಾಗ ಕುಣಿತ ನಿಂತಿತ್ತು. ಆದರೆ ತಿರುವಿನಲ್ಲೆಲ್ಲ ಎಡಗಡೆಯ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಭಾರ ಬೀಳದೆ ಗಾಡಿ ಹಾಗೆ ತಗ್ಗುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಸೀಟು ಖಾಲಿ. ಬಿಸಿಲಿದ್ದರೂ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ಹೆಂಡತಿ ತೀರಿಕೊಂಡ ಮೇಲಿನ ಮೂರು ವರ್ಷದಲ್ಲಿ ನನ್ನ ಜೊತೆ ಯಾರೂ ಗಾಡಿಯಲ್ಲಿ ಕೂತಿರಲಿಲ್ಲ. ಹೆದರಿಕೆಯಾಗಿದ್ದರೂ ಗಾಡಿಯನ್ನು ಗುಂಡಿಗಳಲ್ಲಿ ನಿಧಾನಕ್ಕೆ ಇಳಿಸಿದೆ.

ಗ್ಯಾರೇಜಿನ ಹಿಂದೆಯೇ ನನ್ನ ಮನೆ. ಅಂಗಳದಲ್ಲಿ ನಿಲ್ಲಿಸಿ, ಇಳಿದು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ಇಳೀರಿ, ಮನೆ ಬಂತು," ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಬಾಗಿಲು ತೆರೆಯಲಿಲ್ಲ. ಗಾಡಿಯ ಹಿಂಭಾಗ ಮಾತ್ರ ಮೆಲ್ಲಗೆ ಒಂದಿಂಚು ಮೇಲೆದ್ದಿತು.

ಮರುದಿನ ಗಾಡಿ ಒಯ್ದ ಲೋಹಿತ್ ಮನೆ ಮುಟ್ಟಿದ ಮೇಲೆ ಫೋನ್ ಮಾಡಿದ.

"ಒಬ್ನೇ ಬಂದೆ ಕಣಣ್ಣ. ದಾರಿ ಉದ್ದಕ್ಕೂ ಕುಣೀತು."