ಕೂಗುಪಟ್ಟಿಗೆ ಓಗೊಡದ ಕರುಳು

ಸುಳ್ಳಾಗಿದ್ದರೆ ನನ್ನ ಹೊಟ್ಟೆಗೇ ಹೊಲಿಗೆ ಬೀಳಲಿ, ಇದು ನಡೆದದ್ದೇ. ಇನ್ನೊಂದು ಮೂವತ್ತು ವರ್ಷ ಕಳೆದ ಮೇಲೆ ನಡೆದದ್ದು, ಅಷ್ಟೇ ವ್ಯತ್ಯಾಸ.

ಗದಗ ಸೀಮೆಯ ಒಂದು ದೊಡ್ಡಾಸ್ಪತ್ರೆ. ಹೊಟ್ಟೆ ಕೊಯ್ಸಿಕೊಂಡವರ ವಾರ್ಡು. ಅಲ್ಲಿ ಮಲಗಿದ್ದ ಪೈಲ್ವಾನನೊಬ್ಬನ ಸೊಂಟದ ಪಟ್ಟಿಯಿಂದ ಅವನ ಹೆಂಡತಿಯ ದನಿ ಸಿಡಿಯಿತು: "ಏಳ್ರೀ, ರೊಟ್ಟಿ ಆರಾಕ ಹತ್ಯಾವು! ಬರ್ತೀರೋ, ನಾಯಿಗೆ ಹಾಕ್ಲೋ?"

ಅಷ್ಟಕ್ಕೇ ಅವನ ಕರುಳು ಬೆಚ್ಚಿ ಎದ್ದಿತು. ಎದ್ದ ರಭಸಕ್ಕೆ ಕಿಟಕಿಯ ಪರದೆಗಳು ಹಾರಿ ಫ್ಯಾನಿಗೆ ಸುತ್ತಿಕೊಂಡವು. ಎದುರಿನ ಬೇವಿನ ಗಿಡದಿಂದ ಅಂದು ಹಾರಿಹೋದ ಗಿಳಿಗಳು ಇನ್ನೂ ಮರಳಿಲ್ಲ. ಪಟ್ಟಿಯ ಮೇಲೆ ಹಸಿರು ದೀಪ ಹೊತ್ತಿತು. ನರ್ಸುಗಳು ಚಪ್ಪಾಳೆ ತಟ್ಟಿದರು.

ಹೊಟ್ಟೆ ಕೊಯ್ದರೆ ಕರುಳು ಮುನಿಸಿಕೊಂಡು ಅಲುಗಾಡದೆ ಮಲಗಿಬಿಡುತ್ತದೆ. ಗಾಳಿ ಹೋಗುವ ತನಕ ಬಾಯಿಗೆ ಹನಿ ನೀರಿಲ್ಲ. ಹಿಂದಿನ ಡಾಕ್ಟರುಗಳು 'ಗ್ಯಾಸ್ ಹೋಯ್ತಾ?' ಎಂದು ಕೇಳುತ್ತ ಕಾಯುತ್ತಿದ್ದರು. ಡಾ. ಶಾಲ್ಮಲಾ ಹಂಪಿಹೊಳಿ ಕಾಯುವ ಜಾಯಮಾನದವರಲ್ಲ, ಕೂಗುಪಟ್ಟಿ ಮಾಡಿದರು. ಮನೆಯಲ್ಲಿ ದಿನಾ ಊಟಕ್ಕೆ ಕರೆಯುವವರ ದನಿಯನ್ನು ಅದಕ್ಕೆ ತುಂಬಬೇಕು. ಆ ಕೂಗು ಕಿವಿಗೆ ಬಿದ್ದೊಡನೆ ಮಿದುಳು ಹೊಟ್ಟೆಗೆ ಇಳಿಯುವ ಉದ್ದ ನರದ ಮೂಲಕ 'ಊಟ ಬಂತು, ಏಳು' ಎಂದು ಕರುಳಿಗೆ ಸುದ್ದಿ ಕಳಿಸುತ್ತದೆ. ಪಟ್ಟಿ ಆ ಸುದ್ದಿಗೆ ಬಲ ತುಂಬುತ್ತದೆ.

ಪೈಲ್ವಾನನ ಪಕ್ಕದ ಮಂಚದಲ್ಲಿದ್ದವನು ಫಕೀರಪ್ಪ. ಕಪ್ಪತಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಮುಗಿಲಿನಷ್ಟೆತ್ತರದಲ್ಲಿ ಕೂತಿದ್ದಾಗಲೇ ಜಠರದ ಹುಣ್ಣು ಒಡೆದಿತ್ತು. ಹೊಲಿದದ್ದಾಗಿತ್ತು, ಆದರೆ ಕರುಳು ಎದ್ದಿರಲಿಲ್ಲ.

"ಮನ್ಯಾಗ ನಿಮ್ಮನ್ನ ಊಟಕ್ಕ ಕರಿಯೋರು ಯಾರ್ರಿ?" ಶಾಲ್ಮಲಾ ಕೇಳಿದರು. "ಅವರ ದನಿ ಬೇಕು."

"ಕರಿಯೋದೇನ್ರಿ ಮೇಡಂ? ಬುತ್ತಿ ನಂದು, ಕೈ ನಂದು, ಬಾಯಿನೂ ಭಾಳ ದೂರಿಲ್ಲ."

"ಅವ್ವ?"

"ನನ್ನ ಹಡದ ಕೂಡ್ಲೇ ತೀರಿಹೋದ್ಳು."

"ಹೆಂಡತಿ?"

"ಮುಗಿಲಾಗ ಕುಂತಾಂವಗ ಹೆಣ್ಣು ಯಾರು ಕೊಡ್ತಾರ್ರಿ?" ನಗಲು ಹೋದ, ಹೊಲಿಗೆ ಹಿಡಿದುಕೊಂಡಿತು.

ಶಾಲ್ಮಲಾ ಅವನ ಪಟ್ಟಿಗೆ ಸಾಲಾಗಿ ಬೇರೆ ದನಿಗಳನ್ನು ತುಂಬಿದರು. ಸಿನಿಮಾ ನಟಿ ಮುದ್ದಾಗಿ ಕರೆದಳು, ಖಾನಾವಳಿಯವನು ಗದರಿದ. ಕರುಳು ಮಗ್ಗುಲೂ ಬದಲಿಸಲಿಲ್ಲ.

"ನಾಳಿಗೂ ಏಳ್ಲಿಲ್ಲಂದ್ರ, ಎಲ್ಲೋ ಸಿಕ್ಕಿಬಿದ್ದೈತೇನೋ ಅಂತ ಮತ್ತ ತೆರದು ನೋಡಬೇಕಾಗ್ತೈತಿ," ಎಂದರು. ದನಿ ತಗ್ಗಿತು. "ನಿಮ್ಮ ಮೈ ಇನ್ನೊಂದು ಸಲ ತಡ್ಯೋದು ಕಷ್ಟ ಐತ್ರಿ."

ಫಕೀರಪ್ಪ ಗೋಡೆಯತ್ತ ಮುಖ ಮಾಡಿದ. ವಾರ್ಡಿನ ತುಂಬ ಕೂಗುಗಳು: ಬಾರೋ, ಏಳ್ರೀ, ಬಾ ಯಪ್ಪಾ. ಒಂದೂ ಅವನ ಹೆಸರಿನದಲ್ಲ. ಆ ಸೀಮೆಯಲ್ಲಿ ಉಣ್ಣಲು ಕೂತವರು ಕಣ್ಣಿಗೆ ಬಿದ್ದವರನ್ನು 'ಬರ್ರಿ' ಎಂದು ಕರೆಯಬೇಕು. ಕರೆಸಿಕೊಂಡವರು 'ಮಾಡ್ರಿ', ಅಂದರೆ ನೀವು ಉಣ್ಣಿ, ಎಂದ ಮೇಲೆಯೇ ತುತ್ತು ಇಳಿಯುವುದು. ಮೇಲೆ ಒಬ್ಬನೇ ಬುತ್ತಿ ಬಿಚ್ಚಿದಾಗಲೂ ಅವನು ಆ ಮರ್ಯಾದೆ ಬಿಟ್ಟವನಲ್ಲ. ಹಾರುವ ಹದ್ದಿಗೆ 'ಬರ್ರಿ' ಎನ್ನುತ್ತಿದ್ದ. ಹದ್ದು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಮಧ್ಯಾಹ್ನ ಪೈಲ್ವಾನನ ತಾಯಿ ದ್ಯಾಮವ್ವ ಎರಡು ಮಂಚಗಳ ನಡುವೆ ನೆಲದ ಮೇಲೆ ಕೂತು ರೊಟ್ಟಿಗಂಟು ಬಿಚ್ಚಿದಳು. ತುತ್ತು ಮುರಿದು ತಲೆಯೆತ್ತಿದರೆ ಫಕೀರಪ್ಪನ ಕಣ್ಣು.

"ಬರ್ರೀ ಯಪ್ಪಾ, ಊಟ ಮಾಡೂಣು."

ಅತ್ತ ಬಂದ ಶಾಲ್ಮಲಾ ಹೌಹಾರಿದರು. "ಏ ಅಜ್ಜೀ! ಹನಿ ನೀರ ಕುಡಿಯೋಹಂಗಿಲ್ಲ ಅವರು, ಊಟಕ್ಕ ಕರೀತೀಯಲ್ಲ!"

"ಕಣ್ಣೆದುರು ಮನಶ್ಯಾ ಇದ್ದಾಗ ಹೆಂಗ ನುಂಗ್ಲಿ ತಂಗೀ? ಮಾಡ್ರಿ ಅನ್ನಲಿ ಅಂವ, ಉಣ್ತೀನಿ."

ಮುದುಕಿಯ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ಫಕೀರಪ್ಪ ಒಣಗಿದ ತುಟಿ ಬಿಚ್ಚಿದ. ಊಟದ ಹೊತ್ತಿಗೆಲ್ಲ ಮುಗಿಲಲ್ಲೇ ಇರುತ್ತಿದ್ದವನ ಬಾಯಿಂದ ಆ ಮಾತು ಬಂದು ಎಷ್ಟೋ ವರ್ಷವಾಗಿತ್ತು.

"ಮಾಡ್ರಿ... ಯವ್ವಾ."

ಹೊಟ್ಟೆಯೊಳಗೆ ಎಲ್ಲೋ ಗುರ್ರೆಂದಿತು. ಆಮೇಲೆ ಗುಡುಗಿತು. ಹಸಿರು ದೀಪ. ಈ ಸಲ ಪರದೆ ಹಾರಲಿಲ್ಲ, ಸುಳ್ಳೇಕೆ ಹೇಳಲಿ. ದ್ಯಾಮವ್ವ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಒಳ್ಳೇದಾತು ಬಿಡು," ಎಂದು ರೊಟ್ಟಿ ತನ್ನತ್ತ ಎಳೆದುಕೊಂಡಳು.

ಶಾಲ್ಮಲಾ ಕೂಡಲೇ ದ್ಯಾಮವ್ವನ ದನಿಯನ್ನು ಪಟ್ಟಿಗೆ ತುಂಬಿ, ಯಾರೂ ಇಲ್ಲದ ಇನ್ನೊಬ್ಬ ರೋಗಿಗೆ ಕಟ್ಟಿ ನೋಡಿದರು. ಏನೂ ಆಗಲಿಲ್ಲ. ಆಮೇಲೆ ಅವರಿಗೇ ಹೊಳೆಯಿತು. ಪೈಲ್ವಾನನ ಪಟ್ಟಿಯ ಹಿಂದೆ ಕಾಯುವ ಹೆಂಡತಿ ಇದ್ದಾಳೆ. ಕಾಯುವವರಿಲ್ಲದ ಪಟ್ಟಿ ಬರಿದೇ ಕೂಗುತ್ತದೆ, ಅದರ ಕೈಯಲ್ಲಿ ಯಾರಿಗಾಗಿಯೂ ತುತ್ತು ಕಾದು ನಿಲ್ಲುವುದಿಲ್ಲ. ಮರುದಿನದಿಂದ ಅವರು ಕೋಣೆಯಲ್ಲಿ ಒಬ್ಬರೇ ಉಣ್ಣುವುದನ್ನು ಬಿಟ್ಟು, ಡಬ್ಬಿ ಹಿಡಿದು ವಾರ್ಡಿಗೆ ಬರತೊಡಗಿದರು.

ದ್ಯಾಮವ್ವ ಮಗನನ್ನು ಕರೆದುಕೊಂಡು ಊರಿಗೆ ಹೋದಳು. ಯಾವ ಊರೆಂದು ಫಕೀರಪ್ಪ ಕೇಳಿಕೊಂಡಿರಲಿಲ್ಲ. ಅವನೂ ವಾಸಿಯಾಗಿ ಗುಡ್ಡಕ್ಕೆ ಮರಳಿದ. ಮೇಲೆ ಹತ್ತಿ ಕೂತು, ಡಾಕ್ಟರು ಹೇಳಿದ ಮೆತ್ತನೆಯ ಅನ್ನ ಬಿಚ್ಚಿ, ಎದುರಿನ ಗಾಳಿಯಂತ್ರಕ್ಕೆ "ಬರ್ರಿ" ಎಂದ. ಮೊದಲಾದರೆ ಎಂದವನೇ ಉಣ್ಣುತ್ತಿದ್ದ. ಈಗ 'ಮಾಡ್ರಿ' ಎಂಬುದರ ರುಚಿ ಗೊತ್ತಾಗಿದೆಯಲ್ಲ, ಅನ್ನ ಆರುವ ತನಕ ಕಾಯುತ್ತಾನೆ.

ಅದಿರಲಿ. ಆಗಿನಿಂದ ನೋಡುತ್ತಿದ್ದೇನೆ, ಕತೆ ಕೇಳುತ್ತ ಕೇಳುತ್ತ ನೀವೊಬ್ಬರೇ ಶೇಂಗಾ ಮೆಲ್ಲುತ್ತಿದ್ದೀರಿ. ಒಮ್ಮೆ ನನ್ನತ್ತ ತಿರುಗಿ 'ಬರ್ರಿ' ಅನ್ನಿ ನೋಡೋಣ. 'ಮಾಡ್ರಿ' ಅಂದೇನು ಎಂದು ಮಾತ್ರ ನಂಬಿಕೊಳ್ಳಬೇಡಿ.