ಅರ್ಧ ಸವೆದ ಕಾರ್ಬನ್

"ಅಕ್ಕಾರ, ಇದು ಸತ್ತಿಲ್ರಿ. ಸತ್ತೈತಿ ಅಂತ ಯಾರು ಹೇಳಿದ್ರು ನಿಮಗ?"

ಶಿವಪುತ್ರ ನನ್ನೊಡನೆ ಆಡಿದ ಮೊದಲ ಮಾತು ಅದು. ನನ್ನ ಮಿಕ್ಸರನ್ನು ಮಗುಚಿ ಹಾಕಿ, ಮಗುವಿನ ಹೊಟ್ಟೆಗೆ ಕಿವಿಯಿಡುವಂತೆ ಅದಕ್ಕೆ ಕಿವಿಯಿಟ್ಟು, ಮೋಟಾರನ್ನು ಬೆರಳಿಂದ ತಿರುಗಿಸಿ ನೋಡುತ್ತಿದ್ದ. ನನ್ನನ್ನು ಇನ್ನೂ ನೋಡಿರಲಿಲ್ಲ.

"ಘಾಟ್ಕೋಪರಿನ ಸರ್ವಿಸ್ ಸೆಂಟರಿನವರು," ಎಂದೆ. "ಮಾಡೆಲ್ ಬಂದ್ ಆಗೇತಂತ. ಪಾರ್ಟ್ ಸಿಗಂಗಿಲ್ಲಂತ. ಹೊಸಾದು ತಗೋರಿ ಅಂದ್ರು."

"ಎಷ್ಟು ವರ್ಷದ್ದು?"

"ಎರಡು ವರ್ಷ, ಒಂದು ತಿಂಗಳು."

"ವಾರಂಟಿ ಎರಡು ವರ್ಷದ್ದು. ಹೌದಲ್ರಿ?"

"ಹೂಂ."

ಆಗ ತಲೆಯೆತ್ತಿ ನಕ್ಕ. ಮೀಸೆಯ ಮೇಲೆ ಕರಿ ಪುಡಿ ಕೂತಿತ್ತು. ಧಾರಾವಿಯ ಆ ಸಣ್ಣ ಅಂಗಡಿಯಲ್ಲಿ ಅವನ ಸುತ್ತ ನೆಲದಿಂದ ಮಾಳಿಗೆಯವರೆಗೆ ಮಿಕ್ಸರುಗಳು, ಫ್ಯಾನುಗಳು, ಇಸ್ತ್ರಿಪೆಟ್ಟಿಗೆಗಳು. ಎಲ್ಲ ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದವು.

"ಇವ್ಯಾವೂ ಸತ್ತಿಲ್ರಿ," ಎಂದ. "ಸತ್ತಾವು ಅಂತ ಹೇಳಿ ಒಗದಾರ, ಅಷ್ಟ."

ನನಗೆ ಅಳು ಬರುವುದೊಂದು ಬಾಕಿಯಿತ್ತು. ನಾನು ಶೇಂಗಾ ಹಿಂಡಿ, ಅಗಸಿ ಹಿಂಡಿ ಅಂತ ಚಟ್ನಿಪುಡಿ ಮಾಡಿ ಮಾರುವವಳು. ನನ್ನ ಮಗಳು ಶೀತಲಳ ಅಪ್ಪ ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲಿಯೇ ಇನ್ನೊಂದು ಮನೆ ಹೂಡಿದ್ದ. ಕೋರ್ಟಿನ ಕಾಗದವೆಲ್ಲ ಮುಗಿದು ನಾಲ್ಕು ವರ್ಷ. ಬೆಳಿಗ್ಗೆ ಎರಡು ಮನೆಗಳ ಅಡುಗೆ, ಮಧ್ಯಾಹ್ನ ಚಾಳಿನ ನಮ್ಮ ಒಂದೇ ಕೋಣೆಯಲ್ಲಿ ಹಿಂಡಿ. ಮಿಕ್ಸರ್ ನಿಂತರೆ ನಮ್ಮ ಮನೆಯೇ ನಿಲ್ಲುತ್ತಿತ್ತು. ಅದಕ್ಕೇ ಯಾರೋ ಹೇಳಿದ ಗುರುತು ಹಿಡಿದು, ಮಿಕ್ಸರನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಸಾಯನ್‌ವರೆಗೆ ಬಂದು, ಅಲ್ಲಿಂದ ನಡೆದು ಅವನ ಅಂಗಡಿ ಹುಡುಕಿದ್ದೆ.

ಅವನು ಬಳಪದ ಚೂರಿನಂಥ ಎರಡು ಕರಿ ತುಂಡುಗಳನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟ.

"ಇವಕ್ಕ ಕಾರ್ಬನ್ ಅಂತಾರ್ರಿ. ಮೋಟಾರಿನ ಎರಡೂ ಬಾಜೂಕ ಒಂದೊಂದು ಕುಂತಿರ್ತಾವು. ತಿರುಗಿದಷ್ಟೂ ಸವೀತಾವು. ಪೂರಾ ಸವದ್ರ ಕರೆಂಟ್ ಮುಟ್ಟಂಗಿಲ್ಲ, ಮಷೀನ್ ನಿಲ್ತೈತಿ. ಬೆರಳ ತುದಿಯಷ್ಟು ಸಾಮಾನು. ಬದಲಿ ಮಾಡಾಕ ಬರಬಾರದಂತ ಮ್ಯಾಲೆ ಪ್ಲಾಸ್ಟಿಕ್ ಅಂಟಿಸಿ ಮುಚ್ಚ್ಯಾರ ನೋಡ್ರಿ."

"ಮಾಡಿದವ್ರಿಗೆ ಗೊತ್ತಿರಲಿಲ್ಲೇನ್ರೀ?"

"ಗೊತ್ತಿದ್ದ ಮಾಡ್ಯಾರ. ಕೆಡಲಿ ಅಂತ ಮಾಡೂದು... ನಮ್ಮ ಕಸುಬಿನಾಗ ಅದಕ್ಕಿಂತ ದೊಡ್ಡ ಪಾಪ ಇಲ್ರಿ, ಅಕ್ಕಾರ."

ಆ ಮಾತು ಹೇಳುವಾಗ ಅವನ ಮುಖ ಎಷ್ಟು ಚೆಂದವಿತ್ತೆಂದರೆ, ಸಾಯನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೂ ನಾನು ಅದನ್ನೇ ನೋಡುತ್ತಿದ್ದೆ.

ಐದು ವಾರಕ್ಕೆ ಮಿಕ್ಸರ್ ಮತ್ತೆ ನಿಂತಿತು.

"ನಿಮ್ಮ ಕಡೆ ವೋಲ್ಟೇಜ್ ಸರಿ ಇಲ್ಲ ಕಾಣಸ್ತೈತಿ," ಎಂದ. ಚಹಾ ತರಿಸಿದ. ನಾನು ಒಯ್ದಿದ್ದ ಹಿಂಡಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದ.

"ಬಳ್ಳೊಳ್ಳಿ ಜಾಸ್ತಿ ಆತು."

"ಜಾಸ್ತಿ ಆಗಿದ್ರ ಬಿಡ್ರಿ."

"ಬಿಡ್ತೀನಿ ಅಂದ್ನೇನು?" ಎಂದು ಡಬ್ಬಿಯನ್ನು ತನ್ನ ಹಿಂದೆ ಅಡಗಿಸಿಟ್ಟ.

ಮತ್ತೆ ಆರು ವಾರ. ಮತ್ತೆ ಒಂದು ತಿಂಗಳು. ನನ್ನ ಓಣಿಯಲ್ಲಿ ಯಾರ ಮಿಕ್ಸರೂ ಅಷ್ಟು ಸಲ ಕೆಡುತ್ತಿರಲಿಲ್ಲ. ಆದರೆ ಯಾರೂ ಮಿಕ್ಸರ್ ಕೆಟ್ಟಾಗ ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಲ್ಲುತ್ತಲೂ ಇರಲಿಲ್ಲ.

ಒಂದು ದಿನ ನೋಡಿದರೆ ಅವನು ನನ್ನನ್ನು 'ಅಕ್ಕಾರ' ಅನ್ನುವುದನ್ನು ಬಿಟ್ಟಿದ್ದ. ಯಾವ ದಿನದಿಂದ ಬಿಟ್ಟನೋ ತಿಳಿಯಲಿಲ್ಲ. ಬರೀ 'ರೀ' ಅನ್ನುತ್ತಿದ್ದ. ಆ ಒಂದು ಅಕ್ಷರವನ್ನು ಲೋಕಲ್ಲಿನ ಆ ನೂಕುನುಗ್ಗಲಲ್ಲೂ ಜೋಪಾನವಾಗಿ ಮನೆಗೆ ತರುತ್ತಿದ್ದೆ.

ನಾನೂ ಸಾಚಾ ಅಲ್ಲ. ಒಮ್ಮೆ ಚೆನ್ನಾಗಿಯೇ ಇದ್ದ ಇಸ್ತ್ರಿಪೆಟ್ಟಿಗೆಯನ್ನು ಒಯ್ದಿದ್ದೆ. ಅವನು ಪ್ಲಗ್ಗಿಗೆ ಹಾಕಿ, ಬೆರಳಿಗೆ ಎಂಜಲು ಹಚ್ಚಿ ಮುಟ್ಟಿದ. ಚುಂಯ್ ಅಂದಿತು.

"ಏನಾಗೇತ್ರೀ ಇದಕ್ಕ?"

"ಮನ್ಯಾಗ ಕಾಯಲಿಲ್ಲ," ಎಂದೆ, ಸೀಲಿಂಗ್ ನೋಡುತ್ತಾ.

"ಹೌದ್ರಿ. ಕೆಲವೊಂದು ಇಲ್ಲಿಗೆ ಬಂದ ಮ್ಯಾಲೇನ ಕಾಯ್ತಾವು," ಎಂದ. ನಗಲಿಲ್ಲ. ಕಣ್ಣು ಮಾತ್ರ ನನ್ನ ಮುಖದಿಂದ ಕೆಳಗಿಳಿಯಲಿಲ್ಲ.

"ಅವ್ವನ ಕಾಲದ ಸಾಮಾನು ಎಷ್ಟು ಗಟ್ಟಿ ಇರ್ತಿದ್ದುವು," ಎಂದೆ, ಮಾತು ಬದಲಿಸಲು.

"ಅದು ಸುಳ್ಳು. ಆವಾಗಿಂದೂ ಕೆಡ್ತಿದ್ದುವು. ಕೆಟ್ಟವೆಲ್ಲಾ ಯಾವಾಗೋ ಗುಜರಿಗೆ ಹೋದುವು, ಉಳದ ನಾಕು ನೋಡಿ ಮಂದಿ ಹಾಡಿ ಹೊಗಳ್ತಾರ. ಫರಕ ಒಂದ. ಆವಾಗ ಬಿಚ್ಚಿ ನೋಡಾಕ ಬರ್ತಿತ್ತು. ಏನಾಗೇತಿ ಅಂತ ತಿಳೀತಿತ್ತು. ಈಗ ಎಲ್ಲಾ ಮುಚ್ಚಿ ಬಿಡ್ತಾರ."

ದಸರೆಗೆ ಮುಂಚೆ, ನನ್ನನ್ನು ಕಳಿಸಲು ಬಂದವನು ಸಾಯನ್ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬರುವ ಸದ್ದಿನ ನಡುವೆ ಕೇಳಿದ. "ಶೀತಲ ಒಪ್ಪಿದ್ರ... ಮೂರೂ ಮಂದಿ ಒಂದ ಮನ್ಯಾಗ ಇರೂಣೇನ್ರೀ?"

"ದೀಪಾವಳಿ ಮುಗದ ಮ್ಯಾಲೆ ಹೇಳ್ತೀನಿ," ಎಂದು ಗಾಡಿ ಹತ್ತಿಬಿಟ್ಟೆ. ಹೇಳುವುದೇನಿತ್ತು? ಕುರ್ಲಾ ದಾಟುವುದರೊಳಗೆ ಒಪ್ಪಿಯಾಗಿತ್ತು. ಶೀತಲಳನ್ನು ಕೇಳಿದೆ. ಹನ್ನೊಂದರ ಹುಡುಗಿ, ಅರ್ಧ ಕನ್ನಡ, ಅರ್ಧ ಹಿಂದಿ. "ಅಂಕಲ್ ಅಚ್ಛೇ ಹೈ ಅವ್ವ. ನೀ ಅಲ್ಲಿಂದ ಬಂದ್ರ ಒದರಾಡಂಗಿಲ್ಲ," ಎಂದಳು.

ಅದೇ ವಾರ ದಾದರಿನ ಅಂಗಡಿಯ ವಾರಿಜಾ ಬಾಯಿ ಕರೆಸಿದರು. ದೀಪಾವಳಿಗೆ ನಲವತ್ತು ಕಿಲೋ ಹಿಂಡಿ. ಸರಿಹೋದರೆ ಪ್ರತಿ ತಿಂಗಳೂ ನನ್ನದೇ ಮಾಲು. ಆ ಎರಡು ಮನೆಗಳ ಅಡುಗೆ ಬಿಡಬಹುದು, ಶೀತಲ ಶಾಲೆಯಿಂದ ಬರುವಾಗ ನಾನು ಮನೆಯಲ್ಲಿರಬಹುದು. ಇಷ್ಟು ವರ್ಷದಲ್ಲಿ ನಾನು ಬೇಡಿಕೊಂಡಿದ್ದು ಅಷ್ಟೇ.

ಹದಿನೈದು ಕಿಲೋ ಆಗುವಷ್ಟರಲ್ಲಿ ಮಿಕ್ಸರ್ ನಿಂತಿತು. ಮಾಲು ಮುಟ್ಟಿಸಲು ಮೂರು ದಿನ ಉಳಿದಿದ್ದವು.

ಶಿವಪುತ್ರ ತಂಗಿಯ ಮಗಳ ನಿಶ್ಚಯಕ್ಕೆಂದು ಸಿಂದಗಿಗೆ ಹೋಗಿದ್ದ. ಫೋನು ಹತ್ತಲಿಲ್ಲ. ಪಕ್ಕದ ಮನೆಯವರ ಸಣ್ಣ ಮಿಕ್ಸರ್ ಎರಡು ಕಿಲೋಗೇ ಹೊಗೆ ಬಿಟ್ಟಿತು. ಒರಳಿನಲ್ಲಿ ಕುಟ್ಟಿದೆ. ಅಂಗೈ ಬೊಬ್ಬೆ ಬಂದು ಒಡೆದು, ಖಾರ ಹೊಕ್ಕು ಉರಿಯಿತು. ಕೊನೆಗೆ ನಮ್ಮ ಸ್ಟೇಷನ್ನಿನ ಹತ್ತಿರ ರಿಪೇರಿ ಮಾಡುವ ಮುದುಕ ಚಾಚಾನ ಬಳಿಗೆ ಓಡಿದೆ.

ಚಾಚಾ ಬಿಚ್ಚಿ, ಎರಡು ಕಾರ್ಬನ್ ತೆಗೆದು ಬೆಳಕಿಗೆ ಹಿಡಿದ. "ಯೇ ಕಿಸನೇ ಡಾಲಾ, ಬೇಟಿ?" ಎಂದು, ಯಾರು ಹಾಕಿದ್ದೆಂದು ಕೇಳಿದ. ಯಾವುದೋ ಮುರುಕು ಮಷೀನಿನಿಂದ ತೆಗೆದ, ಹಾಕುವಾಗಲೇ ಅರ್ಧ ಸವೆದಿದ್ದ ಕಾರ್ಬನ್ ಅವು. ಬದಿಯನ್ನು ಹೊಸದರಂತೆ ತಿಕ್ಕಿ ಕೂರಿಸಿದ್ದರು. ಗೊತ್ತಿದ್ದವರ ಕೆಲಸ ಅಂದ. ಈ ಅಳತೆಯದು ತನ್ನಲ್ಲಿ ಇಲ್ಲ ಅಂದ.

ಚಾಚಾ ಹೇಳದಿದ್ದರೂ ನನಗೆ ತಿಳಿಯುತ್ತಿತ್ತು. ಹೊಸ ಕಾರ್ಬನ್ ಎಷ್ಟು ಉದ್ದ ಇರುತ್ತದೆಂದು ಶಿವಪುತ್ರನೇ ನನಗೆ ಕಲಿಸಿದ್ದ.

ನಲವತ್ತು ಕಿಲೋ ತುಂಬಲಿಲ್ಲ. "ಮಷೀನ್ ನಂಬಿ ಧಂಧೆ ಮಾಡಾಕಿ ಎರಡು ಮಷೀನ್ ಇಟ್ಕೋಬೇಕವಾ," ಎಂದರು ವಾರಿಜಾ ಬಾಯಿ, ಬೇಸರದಿಂದಲೇ. ಆ ತಿಂಗಳಿಂದ ಅವರ ಅಂಗಡಿಗೆ ಫ್ಯಾಕ್ಟರಿಯ ಪ್ಯಾಕೆಟ್ ಹಿಂಡಿ ಬರತೊಡಗಿತು.

ದೀಪಾವಳಿ ಮುಗಿಯಿತು. ಮಿಕ್ಸರ್ ಹೊತ್ತು ಅಂಗಡಿಗೆ ಹೋದಾಗ ಶಿವಪುತ್ರ ಹೊಸ ಅಂಗಿ ತೊಟ್ಟಿದ್ದ. ಶೀತಲಗೆಂದು ಊರಿಂದ ಖಣದ ಬಟ್ಟೆ ತಂದು ಕೌಂಟರಿನ ಮೇಲೆ ಇಟ್ಟಿದ್ದ. ಅದರ ಪಕ್ಕ ನಾನು ಆ ಎರಡು ಕರಿ ತುಂಡುಗಳನ್ನು ಇಟ್ಟೆ.

ಅವನ ಬಣ್ಣ ಇಳಿಯಿತು.

"ಎಷ್ಟು ಸಲ?" ಎಂದೆ.

"ಮೊದಲನೇ ಸಲ ಖರೇನ ಹೊಸಾವು ಸಿಗಲಿಲ್ರಿ. ಗುಜರಿಯಾಗಿಂದು ಹಾಕಿದೆ. ಐದು ವಾರಕ್ಕ ನೀವು ತಿರುಗಿ ಬಂದ್ರಿ. ಆ ದಿನ... ಛೊಲೋ ಅನಿಸ್ತು."

"ಆಮ್ಯಾಲೆ?"

ಡ್ರಾವರ್ ಎಳೆದು ಕಾಗದದ ಪೊಟ್ಟಣ ತೆಗೆದ. ಒಳಗೆ ಎರಡು ಹೊಸ ಕಾರ್ಬನ್. "ಆಮ್ಯಾಲೆ ಸಿಕ್ಕಿದ್ದುವು. ಇಲ್ಲೇ ಇದ್ದುವು. ಇವನ್ನ ಹಾಕಿದ್ರ ನಾಕೈದು ವರ್ಷ ನೀವು ಈ ಕಡೆ ಬರೂದ ಬ್ಯಾಡಾಗ್ತಿತ್ತು. ನಿಮ್ಮನ್ನ ನೋಡಾಕ ನನಗ ಬ್ಯಾರೆ ದಾರಿ ತಿಳೀಲಿಲ್ರಿ."

"ಕರದಿದ್ರ ಬರ್ತಿದ್ದೆನಲ್ರೀ."

ಅವನು ತಲೆ ತಗ್ಗಿಸಿದ. "ನೀವೂ ಇಸ್ತ್ರಿಪೆಟ್ಟಿಗಿ ತಂದಿದ್ರಿ," ಎಂದ ಮೆಲ್ಲಗೆ. ಚುಚ್ಚಲು ಅಲ್ಲ. ಅದನ್ನು ನೆನೆದು ನಗುತ್ತೇನೇನೋ ಎಂಬ ಆಸೆಗೆ.

"ತಂದಿದ್ದೆ. ಅದರಿಂದ ಯಾರ ಒಲಿ ಆರಿತ್ರಿ?" ಬೊಬ್ಬೆ ಒಡೆದ ಅಂಗೈ ತೋರಿಸಿದೆ. "ಕೆಡಲಿ ಅಂತ ಮಾಡೂದು ಪಾಪ ಅಂತ ಹೇಳಿದವ್ರು ಯಾರು?"

ಅವನು ಮಿಕ್ಸರನ್ನು ಮಗುಚಿ, ಹೊಸ ಕಾರ್ಬನ್ ಕೂರಿಸತೊಡಗಿದ. ಬೇರಿಂಗಿಗೆ ಎಣ್ಣೆ ಬಿಟ್ಟ. ಸಡಿಲವಾದ ತಂತಿ ಬೆಸೆದ. ಅಂಟಿಸಿದ್ದ ಪ್ಲಾಸ್ಟಿಕ್ಕನ್ನು ಕಿತ್ತು, ಸ್ಕ್ರೂ ಹಾಕಿ, ಬೇಕೆಂದಾಗ ಯಾರಾದರೂ ಬಿಚ್ಚುವಂತೆ ಮಾಡಿದ. ಆ ಕೈಗಳನ್ನು ನೋಡಬಾರದೆಂದುಕೊಂಡೇ ಪೂರಾ ನೋಡಿದೆ.

"ದೀಪಾವಳಿ ಮುಗೀತಲ್ರೀ," ಎಂದ, ಕತ್ತು ಎತ್ತದೆ. "ಏನೋ ಹೇಳ್ತೀನಿ ಅಂದಿದ್ರಿ."

"ಹೂಂ ಅನ್ನೂದ ಇತ್ತು. ಆದ್ರ ನಾಳೆ ನಿಮ್ಮ ಮನಿಗೆ ಬಂದೆ ಅಂತ ಹಿಡೀರಿ. ನಾ ಎಲ್ಲೂ ಹೋಗಬಾರದಂತ ಆವಾಗ ಇನ್ನೇನು ಸವಸ್ತೀರಿ ನೀವು?"

ಸ್ಕ್ರೂಡ್ರೈವರ್ ಅವನ ಕೈಯಲ್ಲೇ ನಿಂತಿತು. ಅವನು ಮಿಕ್ಸರನ್ನು ಒರೆಸಿ, ಚೀಲಕ್ಕೆ ಹಾಕಿ, ಹಿಡಿಕೆ ನನ್ನ ಕಡೆ ಬರುವಂತೆ ತಿರುಗಿಸಿಟ್ಟ. ಖಣದ ಬಟ್ಟೆಯನ್ನು ನಾನು ಮುಟ್ಟಲಿಲ್ಲ.

"ಇನ್ನ ಇದು ಕೆಡಂಗಿಲ್ರಿ," ಎಂದ. ನಾನು ಅಂಗಡಿಯ ಮೆಟ್ಟಿಲು ಇಳಿದ ಮೇಲೆ, ಹಿಂದಿನಿಂದ ಮತ್ತೆ ಅವನ ದನಿ. "ಜ್ವಾಕಿ ಹೋಗ್ರಿ... ಅಕ್ಕಾರ."

ಮೂರು ವರ್ಷವಾಯಿತು. ಎರಡು ಮನೆಗಳ ಅಡುಗೆ ಇನ್ನೂ ಬಿಟ್ಟಿಲ್ಲ. ಶೀತಲ ಈಗ ನನ್ನಷ್ಟೇ ಎತ್ತರ. ಮೊಬೈಲ್ ಹಿಡಿದು ಬರುತ್ತಾಳೆ. "ಅವ್ವ, ಎಕ್ಸ್‌ಚೇಂಜ್ ಆಫರ್ ಐತಿ. ಹಳೇದು ಕೊಟ್ಟು ನಯಾ ತಗೊಳೂಣು ನಾ?"

"ಕೆಟ್ಟಿಲ್ಲಲ್ಲವಾ," ಅನ್ನುತ್ತೇನೆ.

ಮಧ್ಯಾಹ್ನ ಶೇಂಗಾ ಹುರಿದು, ಜಾರಿಗೆ ತುಂಬಿ, ಮುಚ್ಚಳ ಒತ್ತಿ ಹಿಡಿಯುತ್ತೇನೆ. ಸ್ವಿಚ್ಚಿನ ಮೇಲೆ ಬೆರಳು ಒಂದು ಕ್ಷಣ ತಡೆಯುತ್ತದೆ. ಇವತ್ತೊಂದು ದಿನ ನಿಲ್ಲಲಿ. ಒಂದೇ ಒಂದು ಸಲ.

ಒತ್ತಿದೊಡನೆ ಗರ್ರನೆ ಏಳುತ್ತದೆ. ಹಾಳಾದ್ದು, ಎಷ್ಟು ಚೊಕ್ಕ ಕೆಲಸ ಮಾಡಿಕೊಟ್ಟಿದ್ದಾನೆ.